ಚೀಟಿಯ ನಾಲ್ಕನೆಯ ಸಾಲು

ನನ್ನ ಗಂಡ ಹೆಣ ಕೊಯ್ಯುತ್ತಾನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ತಡವಾಗಿ ಹೇಳಿದರೆ ಜನ ಕುಡಿಯುತ್ತಿದ್ದ ನೀರಿನ ಲೋಟವನ್ನು ಹಾಗೇ ಕೆಳಗಿಟ್ಟು ಎದ್ದು ಹೋಗುತ್ತಾರೆ. ಹೋಗುವವರು ಈಗಲೇ ಹೋಗಲಿ.

ದೊಡ್ಡಾಸ್ಪತ್ರೆಯ ಹಿಂದೆ, ಕಸ ಸುಡುವ ಗುಂಡಿಯ ಪಕ್ಕದಲ್ಲಿ ಅವನ ಕೋಣೆ. ಬೋರ್ಡಿನಲ್ಲಿ ಮರಣೋತ್ತರ ಪರೀಕ್ಷಾ ಕೊಠಡಿ ಎಂದಿದೆ. ಆಸ್ಪತ್ರೆಯವರು ಹಿಂದಿನ ಕೋಣೆ ಅನ್ನುತ್ತಾರೆ. ಅವನನ್ನು ಕತ್ತರಿ ಅನ್ನುತ್ತಾರೆ. ನಾನು ಅದೇ ಆಸ್ಪತ್ರೆಯ ವಾರ್ಡುಗಳಲ್ಲಿ ನೆಲ ಒರೆಸುತ್ತೇನೆ. ಗುತ್ತಿಗೆ ಕೆಲಸ. ಹಾಗಾಗಿ ನಾನು ಕತ್ತರಿ ಹೆಂಡತಿ. ನಾನು ಬಕೆಟ್ಟು ಹಿಡಿದು ಒಳಗೆ ಬಂದರೆ ನರ್ಸುಗಳು ಮೂಗಿಗೆ ಕೈ ಒಯ್ಯುತ್ತಾರೆ. ಫಿನಾಯಿಲ್ ಬಕೆಟ್ಟು ಹಿಡಿದವಳಿಂದ ಫಿನಾಯಿಲ್ ಬಿಟ್ಟು ಇನ್ಯಾವ ವಾಸನೆ ಬರುತ್ತದೆ ಎಂದು ನಾನು ಒಂದು ದಿನವೂ ಕೇಳಲಿಲ್ಲ. ಕೇಳಬೇಕಿತ್ತು.

ಎದುರಿಗೆ ಅವನನ್ನು ರೀ ಎಂದೇ ಕರೆಯುತ್ತೇನೆ. ಸಿಟ್ಟು ಬಂದಾಗ ಮಾತ್ರ ಅವನು, ಇವನು. ಈ ಕಥೆಯುದ್ದಕ್ಕೂ ನನಗೆ ಸಿಟ್ಟಿದೆ.

ಅವನು ಹತ್ತೊಂಬತ್ತು ವರ್ಷ ಕುಡಿದ. ಯಾಕೆ ಕುಡಿಯುತ್ತಾನೆ ಎನ್ನುವುದಕ್ಕೆ ಎಲ್ಲರ ಹತ್ತಿರವೂ ಒಂದೊಂದು ಉತ್ತರವಿತ್ತು. ನಿನ್ನ ಬಾಯಿ ಕಾಟಕ್ಕೆ ಎಂದಳು ಅತ್ತೆ. ಅವರಪ್ಪನೂ ಹಾಗೇ ಇದ್ದಿರಬೇಕು ಎಂದ ನನ್ನಣ್ಣ. ಅವರಪ್ಪ ಬಾವಿ ತೋಡುವವನು, ಒಂದು ತೊಟ್ಟು ಮುಟ್ಟಿದವನಲ್ಲ. ಗಂಡು ಮಗು ಆಗಲಿಲ್ಲವೆಂಬ ಕೊರಗು ಎಂದಳು ಪಕ್ಕದ ಮನೆಯವಳು. ಅವಳ ಗಂಡನಿಗೆ ಮೂರು ಗಂಡು ಮಕ್ಕಳು, ಅವನು ಬೆಳಗ್ಗೆಯೇ ಶುರು ಮಾಡುತ್ತಾನೆ. ಇಷ್ಟೆಲ್ಲ ಹೇಳಿದವರಲ್ಲಿ ಒಬ್ಬರೂ ಆಸ್ಪತ್ರೆಯ ಹಿಂದಕ್ಕೆ ಹೋಗಿ ಆ ಕೋಣೆಯ ಬಾಗಿಲು ತೆರೆದು ನೋಡಿರಲಿಲ್ಲ.

ನಾನು ನೋಡಿದ್ದೇನೆ. ಸಿಮೆಂಟಿನ ಒಂದು ಕಟ್ಟೆ. ಒಂದು ನಲ್ಲಿ, ಅದರಲ್ಲಿ ನೀರು ಬಂದರೆ ಬಂತು. ಗೋಡೆಯ ಮೇಲೆ ಫ್ಯಾನು ಕೂರಿಸಲು ಕೊರೆದ ದುಂಡನೆಯ ತೂತು, ಅದಕ್ಕೆ ರಟ್ಟು ಅಡ್ಡ ಇಟ್ಟಿದ್ದಾರೆ. ಕಿಟಕಿ ತೆರೆದರೆ ಬೀದಿನಾಯಿ ಹಾರಿ ಬರುತ್ತದೆಂದು ಕಿಟಕಿ ಮುಚ್ಚಿರುತ್ತದೆ. ಕೆಲವರು ಸತ್ತ ದಿನವೇ ಬರುತ್ತಾರೆ. ಕೆಲವರು ಕೆರೆಯಲ್ಲಿ ನಾಲ್ಕು ದಿನ ಇದ್ದು ಬರುತ್ತಾರೆ. ಆ ನಾಲ್ಕು ದಿನದ ಹೆಣದ ತಲೆಬುರುಡೆಯನ್ನು ಸುತ್ತಿಗೆ, ಉಳಿ ಹಿಡಿದು ಬಿಚ್ಚಬೇಕು. ಬಡಗಿಯ ಉಳಿಯೇ ಅದು, ಬೇರೆ ಕೊಟ್ಟಿರಲಿಲ್ಲ. ಕೈಗವಸು ಒಂದು ಬೆರಳಿಗೆ ಇದ್ದರೆ ಇನ್ನೊಂದು ಬೆರಳಿಗೆ ಇಲ್ಲ. ಬಿಚ್ಚುವವನು ಅವನು. ತೆಗೆದು ತೋರಿಸುವವನು ಅವನು. ಮತ್ತೆ ಹೊಲಿಯುವವನೂ ಅವನೇ. ಡಾಕ್ಟರು ಬಾಗಿಲ ಹೊರಗೆ ಮೂಗಿಗೆ ಕರ್ಚೀಫು ಹಿಡಿದು ನಿಲ್ಲುತ್ತಾರೆ. ಏನಿದೆಯೋ ಅನ್ನುತ್ತಾರೆ. ಇಂಥದ್ದು ಸಾರ್ ಅನ್ನುತ್ತಾನೆ. ಬರೆದುಕೊಳ್ಳುತ್ತಾರೆ. ಸಹಿ ಡಾಕ್ಟರದು.

ಅವನು ಆಸ್ಪತ್ರೆಗೆ ಸೇರಿದ್ದು ಗಿಡಗಳಿಗೆ ನೀರು ಹಾಕಲು. ಮುಂಚೆ ಕೊಯ್ಯುತ್ತಿದ್ದ ಮುದುಕ ಒಂದು ದಿನ ಬರಲಿಲ್ಲ. ಪೈಪು ಹಿಡಿದು ನಿಂತಿದ್ದವನನ್ನು ಕರೆದುಕೊಂಡು ಹೋದರು. ನಿಮ್ಮವರೇ ತಾನೇ ಮಾಡೋದು, ಬಾ ಎಂದರಂತೆ. ನಿಮ್ಮವರು ಎಂದರೆ ಯಾರು ಎಂದು ಬಿಡಿಸಿ ಹೇಳಬೇಕಿಲ್ಲ. ಮೊದಲ ಹೆಣದ ಮುಂದೆ ಅವನು ವಾಂತಿ ಮಾಡಿಕೊಂಡ. ಆಗಿನ ದೊಡ್ಡ ಡಾಕ್ಟರು ಗುಮಾಸ್ತನ ಕೈಲಿ ಕಾಲು ಬಾಟಲಿ ತರಿಸಿ, ಕುಡ್ಕೊಂಡು ಮಾಡು, ಏನೂ ಅನ್ಸಲ್ಲ ಎಂದರು. ಅಲ್ಲಿಯವರೆಗೆ ಅವನು ಬೀಡಿ ಕೂಡ ಸೇದಿದವನಲ್ಲ.

ಆಮೇಲೆ ಅದು ಆಫೀಸಿನ ಪದ್ಧತಿಯೇ ಆಯಿತು. ಹೆಣದ ಕಡೆಯವರಿಗೆ ಗುಮಾಸ್ತ ಒಂದು ಚೀಟಿ ಬರೆದುಕೊಡುತ್ತಾನೆ. ಬಿಳಿ ಬಟ್ಟೆ - ಎರಡು ಗಜ. ದಾರ - ಒಂದು ಉಂಡೆ. ಸೋಪು - ಎರಡು. ನಾಲ್ಕನೆಯ ಸಾಲು: ಇತರೆ - ಒಂದು. ಅಳುತ್ತಿದ್ದವರು ಕಣ್ಣೊರೆಸಿಕೊಂಡು ಇತರೆ ಅಂದ್ರೇನ್ ಸ್ವಾಮಿ ಎಂದು ಕೇಳುತ್ತಾರೆ. ಗುಮಾಸ್ತ ರಸ್ತೆಯಾಚೆಯ ಅಂಗಡಿಯ ಕಡೆಗೆ ಗದ್ದ ಎತ್ತುತ್ತಾನೆ. ಮಗಳನ್ನು ಕಳೆದುಕೊಂಡ ಅಪ್ಪಂದಿರು, ಗಂಡನನ್ನು ಕಳೆದುಕೊಂಡ ಹೆಂಗಸರು ಆ ಅಂಗಡಿಗೆ ಹೋಗಿ ಬಂದಿದ್ದಾರೆ. ಹತ್ತೊಂಬತ್ತು ವರ್ಷ ಹೀಗೆ ನಡೆಯಿತು. ಸರ್ಕಾರದ ಕಾಗದದ ಮೇಲೆ, ಆಫೀಸಿನ ಪೆನ್ನಿನಿಂದ.

ಮನೆಗೆ ಬಂದರೆ ಸೀಮೆಎಣ್ಣೆಯಲ್ಲಿ ಕೈ ತಿಕ್ಕುತ್ತಿದ್ದ. ಆಮೇಲೆ ನಿಂಬೆಹಣ್ಣು. ಆಮೇಲೆ ಮತ್ತೆ ಸೀಮೆಎಣ್ಣೆ. ಇನ್ನೂ ಹೋಗಲಿಲ್ಲ ಅನ್ನುತ್ತಿದ್ದ, ವಾಸನೆ ಎಂಬ ಮಾತನ್ನು ಮಾತ್ರ ಆಡುತ್ತಿರಲಿಲ್ಲ. ಮಗಳ ತಲೆ ಮುಟ್ಟುತ್ತಿರಲಿಲ್ಲ. ಅವಳೀಗ ಒಂಬತ್ತನೇ ತರಗತಿ. ಅಪ್ಪ ತಲೆ ಸವರಿದ ನೆನಪು ಅವಳಿಗಿಲ್ಲ. ಕುಡಿದಾಗ ಬಯ್ಯುತ್ತಿದ್ದ, ಎರಡು ಸಲ ನನಗೆ ಹೊಡೆದ. ಎರಡನೆಯ ಸಲ ನಾನೂ ಹೊಡೆದೆ. ಅವನ ಪರ ವಕಾಲತ್ತು ವಹಿಸಲು ನಾನು ಕೂತಿಲ್ಲ.

ಕಳೆದ ವರ್ಷ, ಮೇಲಿನ ಅಧಿಕಾರಿ ತಪಾಸಣೆಗೆ ಬಂದ ಬೆಳಗ್ಗೆ, ಅವನು ಕಾರಿಡಾರಿನಲ್ಲಿ ಅವರ ಕಾಲ ಬಳಿಯೇ ಬಿದ್ದ. ಆಸ್ಪತ್ರೆಯ ಮಾನ ಹೋಯಿತಂತೆ. ಬಾಗಿಲ ಹೊರಗೆ ಕರ್ಚೀಫು ಹಿಡಿದು ನಿಲ್ಲುವ ಈಗಿನ ಡಾಕ್ಟರೇ ಆರ್ಡರು ಮಾಡಿದರು. ವ್ಯಸನಮುಕ್ತಿ ವಾರ್ಡಿಗೆ ಸೇರಬೇಕು. ಇನ್ನು ಕುಡಿದು ಕೆಲಸಕ್ಕೆ ಬಂದರೆ ವಜಾ. ವಾರ್ಡಿಗೆ ಕಳಿಸುವ ಫಾರ್ಮನ್ನೂ ಅವರೇ ತುಂಬಿದರು. ನನ್ನನ್ನು ಕರೆಸಿ ನಿಲ್ಲಿಸಿಕೊಂಡಿದ್ದರು. ಒರೆಸುವ ಬಟ್ಟೆ ನನ್ನ ಕೈಯಲ್ಲೇ ಇತ್ತು.

"ಮನೇಲಿ ಏನಾದ್ರೂ ಜಗಳ ಇದೆಯಾ?" ಎಂದರು.

"ಕುಡಿದು ಬಂದ್ರೆ ಜಗಳ ಆಗ್ದೆ ಇರುತ್ತಾ ಸಾರ್?"

"ಇದೆಯೋ ಇಲ್ವೋ ಹೇಳಮ್ಮ."

"ಇದೆ."

ಅವರು ಒಂದು ಚೌಕದಲ್ಲಿ ಗುರುತು ಹಾಕಿದರು. ಕಾರಣ: ಕೌಟುಂಬಿಕ ಕಲಹ. ಫಾರ್ಮಿನಲ್ಲಿ ಇನ್ನೂ ಚೌಕಗಳಿದ್ದವು, ಗೆಳೆಯರ ಸಹವಾಸ, ವಂಶಪಾರಂಪರ್ಯ, ಪ್ರೇಮವೈಫಲ್ಯ. ಕೆಲಸ ಎನ್ನುವ ಚೌಕ ಇರಲಿಲ್ಲ. ಒಂದು ಮಾತು ಬಾಯಿತಪ್ಪಿ ಆಡಿದ್ದಕ್ಕೆ ಹತ್ತೊಂಬತ್ತು ವರ್ಷದ ಕುಡಿತ ನನ್ನ ತಲೆಗೆ ಬಂದು ಕೂತಿತು. ಆ ಕಾಗದ ಇನ್ನೂ ಫೈಲಿನಲ್ಲಿದೆ.

ವಾರ್ಡಿನಲ್ಲಿ ನಲವತ್ತು ದಿನ ಇದ್ದ. ಮೂರನೆಯ ದಿನ ಮಧ್ಯಾಹ್ನ ಅವನ ಪಕ್ಕದ ಮಂಚದ ಕೆಳಗೆ ನಾನು ನೆಲ ಒರೆಸುತ್ತಿದ್ದೆ. ಅವನ ಮೈಯೆಲ್ಲ ನಡುಗುತ್ತಿತ್ತು. ಮಂಚದ ಸರಳು ಹಿಡಿದುಕೊಂಡು ಇಲ್ಲದವರ ಜೊತೆ ಮಾತಾಡುತ್ತಿದ್ದ. ಸ್ವಲ್ಪ ಈ ಕಡೆ ತಿರುಗಮ್ಮ, ಆಯ್ತು, ಆಯ್ತು, ಬೇಗ ಹೊಲಿದುಬಿಡ್ತೀನಿ. ಚಳಿ ಆಗ್ತಿದೆಯಾ ಅಜ್ಜಾ. ನರ್ಸು ನಕ್ಕಳು. ನಾನು ಮಂಚದ ಕೆಳಗಿನಿಂದ ಎದ್ದು ಬರಲಿಲ್ಲ. ನನ್ನ ಮುಖ ಅವಳಿಗೆ ಕಾಣಬಾರದಿತ್ತು.

ಚೆನ್ನಾಗಿ ಆದ. ಮುಖಕ್ಕೆ ರಕ್ತ ಬಂತು. ಊಟ ರುಚಿ ಹತ್ತಿತು. ನಲವತ್ತೊಂದನೆಯ ದಿನ ಅವನನ್ನು ಅದೇ ಕೋಣೆಗೆ ಕಳಿಸಿದರು. ಅದೇ ಕಟ್ಟೆ, ಅದೇ ಉಳಿ, ಅದೇ ಚೀಟಿ. ಮೂರು ದಿನ ತಡೆದ. ನಾಲ್ಕನೆಯ ದಿನ ಕೆರೆಯಿಂದ ತಂದದ್ದು ಬಂತು. ಸಂಜೆ ಅವನು ಮನೆಗೆ ಗೋಡೆ ಹಿಡಿದುಕೊಂಡು ಬಂದ. ಆಸ್ಪತ್ರೆಯಲ್ಲಿ ಎಲ್ಲರೂ ತಲೆಯಾಡಿಸಿದರು. ಇಂಥವರು ಉದ್ಧಾರ ಆಗಲ್ಲ ಎಂದರು. ಅಯ್ಯೋ, ಸುಟ್ಟ ಗಾಯಕ್ಕೆ ಮುಲಾಮು ಹಚ್ಚಿ ಮತ್ತೆ ಅದೇ ಒಲೆಗೆ ಕೈ ಇಡಿಸಿದವರು ನೀವಲ್ಲವೇ? ಹಾಗೆಂದು ಕೇಳದೆ, ಬಕೆಟ್ಟು ಎತ್ತಿಕೊಂಡು ಮುಂದಿನ ವಾರ್ಡಿಗೆ ನಡೆದೆ. ಗುತ್ತಿಗೆಯವಳು ನಾನು.

ವಜಾ ಮಾಡದೆ, ಇದೇ ಕೊನೆಯ ಅವಕಾಶವೆಂದು ಎರಡನೆಯ ಸಲ ಸೇರಿಸಿದಾಗ ವಾರ್ಡಿಗೆ ಹೊಸದಾಗಿ ಕೌನ್ಸೆಲಿಂಗ್ ಮೇಡಂ ಒಬ್ಬರು ಬಂದಿದ್ದರು. ನನ್ನ ತಂಗಿಯ ವಯಸ್ಸು. ಅವರೂ ಫಾರ್ಮು ತೆಗೆದರು.

"ಮೊದಲ ಸಲ ಕುಡಿದಾಗ ಯಾರ ಜೊತೆ ಇದ್ರಿ?"

"ಹೆಣದ ಜೊತೆ" ಎಂದ ಅವನು.

ಮೇಡಂ ಪೆನ್ನು ನಿಲ್ಲಿಸಿದರು. ಯಾರು ಕೊಡಿಸಿದರು ಎಂದು ಕೇಳಿದರು. ಆಫೀಸು ಎಂದ. ನಾನು ಒರೆಸುವುದನ್ನು ಬಿಟ್ಟು ಎಲ್ಲವನ್ನೂ ಒದರಿದೆ. ಚೀಟಿ, ನಾಲ್ಕನೆಯ ಸಾಲು, ಉಳಿ, ರಟ್ಟು, ಎಲ್ಲ. ಅವರು ಫಾರ್ಮು ಮಗುಚಿ ಖಾಲಿ ಬೆನ್ನಿನ ಮೇಲೆ ಬರೆದುಕೊಂಡರು. ಮರುದಿನ ಹಿಂದಿನ ಕೋಣೆಗೆ ಹೋದರು. ಎರಡು ನಿಮಿಷ ನಿಂತಿರಬೇಕು. ಹೊರಗೆ ಬಂದು ಗುಂಡಿಯ ಪಕ್ಕ ವಾಂತಿ ಮಾಡಿಕೊಂಡರು. ನಾನು ಬೆನ್ನು ನೀವಿದೆ. ಅವರು ನನ್ನ ಕೈಯನ್ನು ತಳ್ಳಿಹಾಕಲಿಲ್ಲ.

"ಮಾತ್ರೆಯಿಂದ ಆಸೆ ಕಡಿಮೆ ಮಾಡ್ಬಹುದಕ್ಕ. ಮಾತಾಡಿ ಮಾತಾಡಿ ಮನಸ್ಸನ್ನೂ ಗಟ್ಟಿ ಮಾಡ್ಬಹುದು" ಎಂದರು. "ಈ ಕೋಣೆ ಹೀಗೇ ಇದ್ರೆ ಎಷ್ಟು ದಿನ ಬಾಳುತ್ತೆ ಹೇಳಿ."

ನಿಯಮದ ಪುಸ್ತಕ ಹುಡುಕಿ ತಂದವರೂ ಅವರೇ. ಕೊಯ್ಯಬೇಕಾದವರು ಡಾಕ್ಟರು, ಪಕ್ಕದಲ್ಲಿ ನಿಂತು ಸಹಾಯ ಮಾಡಬೇಕಾದವನು ಇವನು. ಅದನ್ನು ಓದಿ ಹೇಳಿದಾಗ ನನ್ನ ಗಂಡ ನಂಬಲಿಲ್ಲ. ಇನ್ನೊಂದು ಸಲ ಓದಿ ಮೇಡಂ ಎಂದ. ಅವರು ಆಫೀಸಿಗೆ ಪತ್ರ ಬರೆದರು. ಫ್ಯಾನು ಹಾಕಿಸಿ, ಕೈಗವಸು ಕೊಡಿ, ಮಾಸ್ಕು ಕೊಡಿ, ಚೀಟಿಯ ನಾಲ್ಕನೆಯ ಸಾಲು ತೆಗೆಯಿರಿ, ವಾರಕ್ಕೆ ಎರಡು ದಿನ ಬೇರೆ ಕೆಲಸ ಕೊಡಿ, ಆ ಎರಡು ದಿನ ನನ್ನ ಹತ್ತಿರ ಬಂದು ಕೂರಲಿ. ಉತ್ತರ ಬಂತು. ಪರಿಶೀಲಿಸಲಾಗುವುದು. ಅಪ್ಪ ಕುಡಿಯದ ಒಂದೊಂದು ದಿನಕ್ಕೂ ಮಗಳು ಕ್ಯಾಲೆಂಡರಿನ ಮೇಲೆ ಗೀಟು ಹಾಕುತ್ತಿದ್ದಳು. ತೊಂಬತ್ತಾರು ಗೀಟಾದ ಮೇಲೆ ಕೆಲಸಕ್ಕೆ ಹಾಜರಾಗು ಎಂದು ಆರ್ಡರು ಬಂತು. ಫ್ಯಾನು ಬಂದಿರಲಿಲ್ಲ.

ತೊಂಬತ್ತೇಳನೆಯ ಬೆಳಗ್ಗೆ ನಾನೂ ಅವನ ಜೊತೆ ಹೊರಟೆ. ಮೇಸ್ತ್ರಿಗೆ ಹಿಂದಿನ ಜಗುಲಿ ತೊಳೆಯುತ್ತೇನೆಂದು ಹೇಳಿದೆ. ಅಲ್ಲಿಗೆ ಹೋಗಲು ಯಾರೂ ಪೈಪೋಟಿ ಮಾಡುವುದಿಲ್ಲ. ಪತ್ರದ ನಕಲು, ನಿಯಮದ ನಕಲು ರವಿಕೆಯೊಳಗಿತ್ತು. ಈ ಸಲ ಬಿದ್ದರೆ ಕೆಲಸ ಹೋಗುತ್ತದೆ. ಕೆಲಸ ಹೋದರೂ ಹೋಗಲಿ, ಈ ಸಲ ಬಿದ್ದರೆ ಇವನು ಏಳುವುದಿಲ್ಲ. ನನಗೆ ಗೊತ್ತಿತ್ತು. ಅವನಿಗೂ ಗೊತ್ತಿತ್ತು.

ಹೆಣ ಆಗಲೇ ಬಂದಿತ್ತು. ಮೂವತ್ತರ ಒಳಗಿನ ಗಂಡಸು. ಬಸ್ ನಿಲ್ದಾಣದ ಹಿಂದೆ ಬಿದ್ದಿದ್ದನಂತೆ. ಕುಡಿದು ಕುಡಿದು ಸತ್ತವನು ಎಂದ ಬೆಂಚಿನ ಮೇಲೆ ಕೂತಿದ್ದ ಪೊಲೀಸಿನವನು. ಜಗುಲಿಯ ತುದಿಯಲ್ಲಿ ಒಬ್ಬ ಮುದುಕಿ ಕೂತಿದ್ದಳು. ತಾಯಿ. ಬಟ್ಟೆ ಇಸ್ತ್ರಿ ಮಾಡುವವಳು. ಮಡಿಲಲ್ಲಿ ಕೈಚೀಲ. ನನ್ನ ಗಂಡನನ್ನು ಕಂಡ ಕೂಡಲೇ ಎದ್ದು ಒಂದೊಂದೇ ತೆಗೆದು ಕೊಟ್ಟಳು. ಬಿಳಿ ಬಟ್ಟೆ, ಅದನ್ನೂ ಗೆರೆ ಬರುವ ಹಾಗೆ ಇಸ್ತ್ರಿ ಮಾಡಿದ್ದಳು. ದಾರ. ಎರಡು ಸೋಪು. ಕೊನೆಗೆ ಹಳೆಯ ಪತ್ರಿಕೆಯಲ್ಲಿ ಸುತ್ತಿದ್ದನ್ನು ಎರಡೂ ಕೈಯಲ್ಲಿ ಹಿಡಿದು ಚಾಚಿದಳು. ಗುಮಾಸ್ತ ಪತ್ರವನ್ನು ಕಿವಿಗೇ ಹಾಕಿಕೊಂಡಿರಲಿಲ್ಲ. ಅದೇ ಚೀಟಿ ಬರೆದಿದ್ದ.

"ತಗೊಳಪ್ಪ" ಎಂದಳು. "ಇವನು ತಂದಿಟ್ಟ ಬಾಟ್ಲಿನೆಲ್ಲ ಮೋರಿಗೆ ಸುರಿದವಳು ನಾನು. ಇವತ್ತು ನಾನೇ ಅಂಗಡಿ ಮುಂದೆ ಸಾಲಲ್ಲಿ ನಿಂತು ತಂದಿದೀನಿ. ಹಿಂದಿದ್ದೋರು ನಕ್ಕರು. ನಗ್ಲಿ. ನೀನು ಕುಡಿದು, ನನ್ನ ಮಗನ್ನ ಮೆಲ್ಲಗೆ ನೋಡ್ಕೊ."

ಅವನು ಕೈ ಚಾಚಿ ತೆಗೆದುಕೊಂಡ. ಪತ್ರಿಕೆ ಸರಿದು ಮುಚ್ಚಳ ಕಂಡಿತು. ಅವನ ಹೆಬ್ಬೆರಳು ಮುಚ್ಚಳದ ಮೇಲೆ ತಾನಾಗೇ ಹೋಯಿತು. ಹತ್ತೊಂಬತ್ತು ವರ್ಷದ ಅಭ್ಯಾಸ. ನಾನು ಪೊರಕೆ ಹಿಡಿದು ನಿಂತೇ ಇದ್ದೆ. ಕಿತ್ತುಕೊಳ್ಳಬಹುದಿತ್ತು. ಕಿತ್ತುಕೊಂಡರೆ ನಾಳೆ ಇನ್ನೊಂದು ಚೀಟಿ, ನಾಡಿದ್ದು ಮತ್ತೊಂದು. ಎಷ್ಟು ದಿನ ಅಂತ ಅವನ ಹಿಂದೆ ಓಡಾಡಲಿ?

ಅವನು ಅದನ್ನು ಅವಳ ಚೀಲದೊಳಗೇ ಇಟ್ಟ.

"ನಾನು ಬಿಟ್ಟಿದೀನಿ ಅಮ್ಮಾ."

"ಹಾಗಾದ್ರೆ ಹೇಗಪ್ಪಾ ಮಾಡ್ತೀಯಾ?" ಅವಳಿಗೆ ದಿಗಿಲಾಯಿತು. ಕುಡಿಯದಿದ್ದರೆ ಇವನು ಮಗನನ್ನು ಒರಟಾಗಿ ಎಳೆದಾಡುತ್ತಾನೆಂದು ಆ ಮುದುಕಿ ತಿಳಿದಿದ್ದಳು. ಅಷ್ಟು ಚೆನ್ನಾಗಿ ಹೇಳಿಕೊಟ್ಟು ಕಳಿಸಿದ್ದರು.

ಡಾಕ್ಟರು ಬಂದರು. ಕರ್ಚೀಫು ಆಗಲೇ ಮೂಗಿನ ಮೇಲಿತ್ತು.

"ಇನ್ನೂ ಶುರು ಮಾಡಿಲ್ವೇನೋ?"

"ಫ್ಯಾನಿಲ್ಲ ಸಾರ್. ಮಾಸ್ಕಿಲ್ಲ. ಗ್ಲೌಸ್ ಹರಿದಿದೆ."

"ಇಷ್ಟು ವರ್ಷ ಇತ್ತಾ?"

"ಇಷ್ಟು ವರ್ಷ ಕುಡೀತಿದ್ದೆ ಸಾರ್."

ಪೊಲೀಸಿನವನು ತಲೆಯೆತ್ತಿ ನೋಡಿದ. ಡಾಕ್ಟರು ಸ್ವರ ತಗ್ಗಿಸಿದರು. ಹೆಗಲ ಮೇಲೆ ಕೈ ಇಡಲು ಹೋಗಿ, ಇಡದೆ, ಹಿಂದಕ್ಕೆ ತೆಗೆದುಕೊಂಡರು.

"ನೋಡು, ಇವತ್ತೊಂದಿನ ಸ್ವಲ್ಪ ಹಾಕ್ಕೊಂಡು ಮುಗಿಸಿಬಿಡು. ನಾಳೆಯಿಂದ ನೋಡೋಣ. ನಾನೇನೂ ಬರೆಯಲ್ಲ."

ಅವನು ಅವರನ್ನೇ ನೋಡಿದ. ಅವನು ಡಾಕ್ಟರ ಮುಖವನ್ನು ನೇರವಾಗಿ ನೋಡಿದ್ದನ್ನು ನಾನು ಅದೇ ಮೊದಲು ಕಂಡದ್ದು.

"ಕುಡಿದು ಬಂದ್ರೆ ವಜಾ ಅಂತ ಸೈನ್ ಹಾಕಿದ್ದು ನೀವೇ. ಕುಡಿ ಅಂತ ಹೇಳ್ತಿರೋದೂ ನೀವೇ. ನಾನು ಆಗಲ್ಲ ಸಾರ್. ಕೊಯ್ಯೋದು ನಿಮ್ಮ ಕೆಲಸ. ನೀವು ಕೊಯ್ಯಿರಿ, ನಾನು ಪಕ್ಕದಲ್ಲಿ ನಿಂತು ಹಿಡ್ಕೋತೀನಿ."

"ಯಾರ ಹತ್ರ ಮಾತಾಡ್ತಿದೀಯಾ ಗೊತ್ತಾ?"

"ಗೊತ್ತು."

ನಾನು ರವಿಕೆಯಿಂದ ಕಾಗದ ತೆಗೆದು, ಬಿಡಿಸಿ, ಬೆವರಿನಲ್ಲಿ ಒದ್ದೆಯಾದದ್ದನ್ನು ಹಾಗೇ ಅವರ ಮುಂದೆ ಹಿಡಿದೆ. ಅವರು ಮುಟ್ಟಲಿಲ್ಲ. ಪೊಲೀಸಿನವನು ಕೈ ಚಾಚಿ ಇಸಿದುಕೊಂಡು ಓದಿದ. ರೂಲು ಹೀಗೇ ಇದೆ ಸಾರ್, ಬೇಗ ಮುಗಿದ್ರೆ ನನಗೂ ಬೇರೆ ಡ್ಯೂಟಿ ಇದೆ ಎಂದ. ಅವನು ನಮ್ಮ ಪರ ವಹಿಸಿ ಹೇಳಿದ್ದಲ್ಲ. ಅವನಿಗೆ ಬೇಜಾರಾಗಿತ್ತು, ಅಷ್ಟೇ. ಅಷ್ಟರಲ್ಲಿ ಮುದುಕಿ ಎದ್ದು ನಿಂತಳು.

"ಡಾಕ್ಟರೇ, ಹಾಗಾದ್ರೆ ನೀವು ನೋಡ್ತಾನೇ ಇರಲಿಲ್ವಾ? ಡಾಕ್ಟರು ನೋಡಿ ಬರೀತಾರೆ ಅಂತ ಹೇಳಿದ್ರಲ್ಲ ನಮಗೆ."

ಪೊಲೀಸಿನವನು ಈಗ ಬೇರೆ ಥರ ನೋಡಿದ. ಹತ್ತೊಂಬತ್ತು ವರ್ಷದ ಸಹಿಗಳು ಆ ಬಾಗಿಲಲ್ಲಿ ನಿಂತಿದ್ದವು. ಡಾಕ್ಟರು ಶಸ್ತ್ರಚಿಕಿತ್ಸೆಯ ವಾರ್ಡಿಗೆ ಆಳು ಕಳಿಸಿ ಹೊಸ ಕೈಗವಸು, ಮಾಸ್ಕು ತರಿಸಿದರು. ಹತ್ತು ನಿಮಿಷದಲ್ಲಿ ಬಂತು. ನಾವು ಮೂರು ತಿಂಗಳಿಂದ ಬೇಡಿದ್ದು, ಅವರಿಗೆ ಬೇಕಾದಾಗ ಹತ್ತು ನಿಮಿಷ. ಎರಡು ಜೊತೆ ತರಿಸಿದ್ದರು. ಒಂದನ್ನು ಇವನ ಕಡೆ ಎಸೆದರು.

ಒಳಗೆ ಹೋದರು. ನಾನು ಬಾಗಿಲಾಚೆ ಜಗುಲಿ ತೊಳೆಯುತ್ತಾ ಕೂತೆ. ಅದೇ ಜಾಗವನ್ನು ನಾಲ್ಕು ಸಲ ತೊಳೆದಿರಬೇಕು. ನನ್ನ ಗಂಡನ ದನಿ ಮಾತ್ರ ಕೇಳಿಸುತ್ತಿತ್ತು. ಇಲ್ಲಿಂದ ಸಾರ್. ಮೆಲ್ಲಗೆ. ಅಷ್ಟು ಒತ್ತಬೇಡಿ. ಉಸಿರು ಬಾಯಲ್ಲಿ ತಗೊಳ್ಳಿ ಸಾರ್. ಡಾಕ್ಟರು ಎರಡು ಸಲ ಹೊರಗೆ ಓಡಿ ಬಂದರು. ಎರಡು ಸಲವೂ ಪೊಲೀಸಿನವನ ಮುಖ ನೋಡಿ ಒಳಗೆ ಹೋದರು. ಒಂದೂವರೆ ಗಂಟೆ ಹಿಡಿಯಿತು. ಇವನೊಬ್ಬನೇ ಆಗಿದ್ದರೆ ನಲವತ್ತು ನಿಮಿಷ.

ಡಾಕ್ಟರು ಮೊದಲು ಬಂದರು. ಜಗುಲಿಯ ಪಕ್ಕದ ನಲ್ಲಿಯ ಹತ್ತಿರ ಕೂತರು. ಮುದುಕಿ ತಂದ ಸೋಪಿನಲ್ಲಿ ಕೈ ತೊಳೆದರು. ಮೂಸಿ ನೋಡಿಕೊಂಡರು. ಮತ್ತೆ ತೊಳೆದರು. ಮತ್ತೆ ಮೂಸಿದರು. ಮೊಣಕೈವರೆಗೂ ತಿಕ್ಕಿದರು. ಆಮೇಲೆ ಮೆಟ್ಟಿಲ ಮೇಲೆ ಕುಸಿದು ಕೂತು, ಕೈಗಳನ್ನು ಮೈಗೆ ತಾಗದ ಹಾಗೆ ದೂರ ಚಾಚಿಕೊಂಡರು. ಆ ಭಂಗಿ ನನಗೆ ಚೆನ್ನಾಗಿ ಪರಿಚಯ. ನಮ್ಮ ಮನೆಯಲ್ಲಿ ಒಬ್ಬ ಹಾಗೇ ಕೂರುತ್ತಿದ್ದ.

ಹೊಲಿಗೆ ಮುಗಿಸಿ ಅವನೂ ಬಂದ. ಬೆವರಿನಲ್ಲಿ ಮಿಂದಿದ್ದ. ನೇರವಾಗಿ ಮುದುಕಿಯ ಹತ್ತಿರ ಹೋಗಿ ಸ್ವಲ್ಪ ದೂರದಲ್ಲಿ ಕುಕ್ಕರಗಾಲಲ್ಲಿ ಕೂತ.

"ಎಡಗೈ ಮೇಲೆ ಒಂದು ಸುಟ್ಟ ಕಲೆ ಇತ್ತಮ್ಮ. ಮೂರು ಮೂಲೆ ಆಕಾರದ್ದು."

ಮುದುಕಿ ಅಲ್ಲಿಯವರೆಗೆ ಅತ್ತಿರಲಿಲ್ಲ. "ಇಸ್ತ್ರಿ ಪೆಟ್ಟಿಗೆ" ಎಂದಳು. "ಮೂರು ವರ್ಷದೋನು. ನಾನು ಆ ಕಡೆ ತಿರುಗಿದ್ದೆ, ಮುಟ್ಟಿಬಿಟ್ಟ." ಸೆರಗನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು. ಅವನ ಕಣ್ಣಲ್ಲೂ ನೀರು ಸುರಿಯುತ್ತಿತ್ತು. ಇಷ್ಟು ವರ್ಷ ಎಷ್ಟು ಸಾವಿರ ಜನರನ್ನು ಹೊಲಿದನೋ. ಒಬ್ಬರ ಕಲೆಯನ್ನೂ ನೋಡಿಕೊಂಡು ಬಂದು ಹೇಳಿರಲಿಲ್ಲ. ನೋಡದಿರಲಿ ಎಂದೇ ತಾನೆ ಅವನಿಗೆ ಕುಡಿಸುತ್ತಿದ್ದದ್ದು.

ಕಾಗದಪತ್ರ ತೆಗೆದುಕೊಂಡು ಪೊಲೀಸಿನವನು ಆಫೀಸಿನ ಕಡೆ ಹೋದ. ಜಗುಲಿಯಲ್ಲಿ ನಾವು ನಾಲ್ಕೇ ಜನ. ಡಾಕ್ಟರು ಇನ್ನೂ ಮೆಟ್ಟಿಲ ಮೇಲೆಯೇ ಇದ್ದರು. ಅವರ ಕಣ್ಣು ಮುದುಕಿಯ ಚೀಲದ ಮೇಲೆ ಹೋಯಿತು, ಬಂತು, ಮತ್ತೆ ಹೋಯಿತು. ನನ್ನ ಕಡೆ ತಿರುಗಿದರು. ದನಿ ಬಹಳ ಸಣ್ಣಗಿತ್ತು.

"ಅದು... ಇದೆಯಲ್ಲ. ಸ್ವಲ್ಪ ಕೊಡು."

ನಾನು ಪೊರಕೆ ಕೆಳಗಿಟ್ಟೆ. ಸೆರಗಿನಲ್ಲಿ ಕೈ ಒರೆಸಿಕೊಂಡೆ. ಅವರು ಅಂದು ನನ್ನನ್ನು ಕೇಳಿದ್ದ ದನಿಯಲ್ಲೇ, ಅಷ್ಟೇ ಮೆತ್ತಗೆ ಕೇಳಿದೆ.

"ಯಾಕೆ ಸಾರ್, ಮನೇಲಿ ಏನಾದ್ರೂ ಜಗಳ ಇದೆಯಾ?"

ಮುದುಕಿ ಚೀಲದಿಂದ ಬಾಟಲಿ ತೆಗೆದು, ನಲ್ಲಿಯ ಹತ್ತಿರ ಹೋಗಿ, ಮೋರಿಗೆ ಬಗ್ಗಿಸಿ ಹಿಡಿದಳು.